ಪಾಪ್ಲರ್ ಬರೋ: ಗಡಿಯೊಳಗಿನ ಬಡತನ, ಸಭೆಯ ಅಂತಃಸಾಕ್ಷಿ

ಪಾಪ್ಲರ್ ಮೆಟ್ರೊಪಾಲಿಟನ್ ಬರೋ 1900ರಿಂದ 1965ರವರೆಗೆ ಲಂಡನ್ನಿನ ಪೂರ್ವ ಭಾಗದಲ್ಲಿದ್ದ ಒಂದು ನಗರಾಡಳಿತ ಘಟಕ. ಥೇಮ್ಸ್ ನದಿ ಬಳಸಿಕೊಂಡು ಹರಿಯುವ ಐಲ್ ಆಫ್ ಡಾಗ್ಸ್, ಅದರ ಉತ್ತರಕ್ಕೆ ಪಾಪ್ಲರ್, ಬ್ರಾಮ್ಲಿ ಮತ್ತು ಬೋ ಎಂಬ ಹಳೆಯ ಊರುಗಳು, ಪೂರ್ವದ ಎಲ್ಲೆಗೆ ಲೀ ನದಿ: ಇಷ್ಟೇ ಅದರ ವ್ಯಾಪ್ತಿ. ಮೊದಲ ಮಹಾಯುದ್ಧದ ಆಚೀಚೆ ಇಲ್ಲಿ ಸುಮಾರು 1.6 ಲಕ್ಷ ಜನರಿದ್ದರು. ಅರವತ್ತೈದು ವರ್ಷ ಬಾಳಿ ಅಳಿದ ಇಂಥ ಘಟಕಗಳು ಲಂಡನ್ನಿನಲ್ಲಿ ಇನ್ನೂ ಹಲವಿದ್ದವು. ಅವುಗಳಲ್ಲಿ ಬಹುಪಾಲು ಇಂದು ಹಳೆಯ ನಕ್ಷೆಗಳಲ್ಲಷ್ಟೇ ಉಳಿದಿವೆ. ಪಾಪ್ಲರ್ ಹಾಗಾಗಲಿಲ್ಲ. ನೆರೆಯವನೆಂದರೆ ಯಾರು ಎಂಬ ಧರ್ಮಶಾಸ್ತ್ರದ ಪ್ರಶ್ನೆಯನ್ನೂ, ಅನ್ಯಾಯದ ಕಾನೂನಿಗೆ ತಲೆಬಾಗಬೇಕೆ ಎಂಬ ನೀತಿಶಾಸ್ತ್ರದ ಪ್ರಶ್ನೆಯನ್ನೂ ಅದು ತೆರಿಗೆ ಲೆಕ್ಕದ ಪುಸ್ತಕದೊಳಗೆ ಎಳೆದು ತಂದಿತು.

ಈ ನೆಲದ ಆಡಳಿತದ ಬೇರು ಇರುವುದು ಚರ್ಚಿನಲ್ಲಿ. ಬೋ ಮತ್ತು ಪಾಪ್ಲರ್ ಮೊದಲು ಸ್ಟೆಪ್ನಿಯ ವಿಶಾಲವಾದ ಪ್ಯಾರಿಷ್‌ಗೆ ಸೇರಿದ್ದವು. 1719ರಲ್ಲಿ ಬೋ, 1817ರಲ್ಲಿ ಪಾಪ್ಲರ್ ಬೇರೆ ಪ್ಯಾರಿಷ್‌ಗಳಾದವು. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಉಸ್ತುವಾರಿಗೆ ಸೇರಿದ ಭಕ್ತರ ನೆಲೆ. 1601ರ ಬಡವರ ಕಾನೂನು ಇದೇ ಘಟಕಕ್ಕೆ ಲೌಕಿಕ ಹೊಣೆಯನ್ನೂ ಹೊರಿಸಿತು. ಆಯಾ ಪ್ಯಾರಿಷ್‌ನ ಬಡವರನ್ನು ಆಯಾ ಪ್ಯಾರಿಷ್‌ನವರೇ ಸಾಕಬೇಕು, ಅದಕ್ಕಾಗಿ ಮನೆ-ಜಮೀನುಗಳ ಮೇಲೆ ರೇಟ್ಸ್ ಎಂಬ ತೆರಿಗೆ ಎತ್ತಬೇಕು ಎಂದು ಗೊತ್ತುಮಾಡಿತು. ಎಲ್ಲರೂ ಎಲ್ಲರ ಮುಖ ಬಲ್ಲ ಹಳ್ಳಿಯಲ್ಲಿ ಈ ಏರ್ಪಾಟಿಗೆ ಅರ್ಥವಿತ್ತು. ಜಮೀನ್ದಾರನೂ ಅವನ ಹೊಲದಲ್ಲಿ ದುಡಿದು ಮುಪ್ಪಾದ ಕೂಲಿಯೂ ಭಾನುವಾರ ಒಂದೇ ಚರ್ಚಿನಲ್ಲಿ ಕೂರುತ್ತಿದ್ದರು.

ಬಂದರು ಬಂದ ಮೇಲೆ ಆ ಅರ್ಥ ಕೆಟ್ಟಿತು. 1802ರಲ್ಲಿ ವೆಸ್ಟ್ ಇಂಡಿಯಾ ಡಾಕ್, 1806ರಲ್ಲಿ ಈಸ್ಟ್ ಇಂಡಿಯಾ ಡಾಕ್ ತೆರೆದವು. ಭಾರತದಿಂದ ಹೋದ ಸರಕು ಇಳಿಯುತ್ತಿದ್ದ ಜಾಗ ಇದೇ. ಸರಕಿನ ಲಾಭ ಕೆಲವು ಮೈಲಿ ಪಶ್ಚಿಮಕ್ಕೆ ಹೋಗಿ ವೆಸ್ಟ್‌ಮಿನ್‌ಸ್ಟರ್, ಕೆನ್ಸಿಂಗ್ಟನ್‌ಗಳಲ್ಲಿ ಬಂಗಲೆಯಾಯಿತು. ಸರಕು ಹೊತ್ತವರು ಮಾತ್ರ ಪಾಪ್ಲರಿನಲ್ಲೇ ಉಳಿದರು. ಡಾಕ್ ಕೆಲಸ ದಿನಗೂಲಿಯದು. ಬೆಳಿಗ್ಗೆ ಗೇಟಿನ ಮುಂದೆ ನಿಂತವರಲ್ಲಿ ಮೇಸ್ತ್ರಿ ಕರೆದವನಿಗೆ ಅಂದಿನ ಕೂಲಿ, ಉಳಿದವರಿಗೆ ಏನೂ ಇಲ್ಲ. ಕೆಲಸ ತಪ್ಪಿದಾಗ ಅವರನ್ನು ಸಾಕುವ ಹೊಣೆ ಕಾನೂನಿನ ಪ್ರಕಾರ ಅವರ ನೆರೆಹೊರೆಯದು. ನೆರೆಹೊರೆಯೆಂದರೆ ಅವರಷ್ಟೇ ಬಡವರು. ತೆರಿಗೆಯ ಎಲ್ಲೆ ದಾನದ ಎಲ್ಲೆಯೂ ಆಗಿ, ಬಡವರೇ ಬಡವರನ್ನು ಸಾಕುವ ವಿಚಿತ್ರ ಧರ್ಮ ಹುಟ್ಟಿಕೊಂಡಿತು.

1855ರ ಕಾಯಿದೆ ಮೂರು ಪ್ಯಾರಿಷ್‌ಗಳನ್ನು ಕೂಡಿಸಿ ಪಾಪ್ಲರ್ ಡಿಸ್ಟ್ರಿಕ್ಟ್ ಬೋರ್ಡ್ ಆಫ್ ವರ್ಕ್ಸ್ ಎಂಬ ಮಂಡಳಿ ಮಾಡಿತು. ರಸ್ತೆ, ಚರಂಡಿ ಅದರ ಕೆಲಸ. 1899ರ ಲಂಡನ್ ಆಡಳಿತ ಕಾಯಿದೆಯ ಮೇರೆಗೆ ರಾಜಧಾನಿಯಲ್ಲಿ 28 ಮೆಟ್ರೊಪಾಲಿಟನ್ ಬರೋಗಳಾದಾಗ ಅದೇ ನೆಲ ಬರೋ ಎನಿಸಿ, ಮೇಯರ್ ಮತ್ತು 42 ಕೌನ್ಸಿಲರುಗಳನ್ನೂ, ಕೌನ್ಸಿಲರುಗಳೇ ಆರಿಸುವ 7 ಆಲ್ಡರ್‌ಮನ್ನರನ್ನೂ ಪಡೆಯಿತು. ಬೀದಿ, ಗ್ರಂಥಾಲಯ, ಸ್ನಾನಗೃಹ, ಜನಾರೋಗ್ಯ ಕೌನ್ಸಿಲ್ಲಿನ ಪಾಲಿಗೆ ಬಂದವು. ಬಡವರ ಪರಿಹಾರ ಮಾತ್ರ ಬೋರ್ಡ್ ಆಫ್ ಗಾರ್ಡಿಯನ್ಸ್ ಎಂಬ ಬೇರೊಂದು ಚುನಾಯಿತ ಮಂಡಳಿಯ ಕೈಯಲ್ಲಿ ಉಳಿಯಿತು. ಇವೆರಡಕ್ಕೂ ಹಣ ಬರುತ್ತಿದ್ದುದು ಅದೇ ರೇಟ್ಸ್‌ನಿಂದ. ಇಡೀ ನಗರದ ಕೌಂಟಿ ಕೌನ್ಸಿಲ್, ಪೊಲೀಸು, ನೀರಿನ ಮಂಡಳಿ, ಆಸ್ಪತ್ರೆಗಳ ಮಂಡಳಿಗಳೂ ತಮ್ಮ ಪಾಲನ್ನು ಬರೋ ಮೂಲಕವೇ ವಸೂಲಿ ಮಾಡಿಸುತ್ತಿದ್ದವು. ಮುಂದಿನ ಜಗಳಕ್ಕೆ ಈ ಒಣ ವಿವರವೇ ಕೀಲಿಕೈ.

1834ರ ಸುಧಾರಿತ ಬಡವರ ಕಾನೂನಿನ ಹಿಂದೆ ಒಂದು ತತ್ತ್ವವಿತ್ತು: ಪರಿಹಾರ ಪಡೆಯುವವನ ಬಾಳು ಅತ್ಯಂತ ಕಡಿಮೆ ಕೂಲಿಯವನ ಬಾಳಿಗಿಂತಲೂ ಕೆಳಗಿರಬೇಕು. ಉಪಯುಕ್ತತಾವಾದದ ಲೆಕ್ಕಾಚಾರ ಮತ್ತು ಬಡತನವನ್ನು ನಡತೆಯ ದೋಷವೆಂದು ಕಾಣುವ ಧಾರ್ಮಿಕ ಕಾಠಿಣ್ಯ ಇಲ್ಲಿ ಕೈಜೋಡಿಸಿದ್ದವು. ವರ್ಕ್‌ಹೌಸ್ ಈ ತತ್ತ್ವಕ್ಕೆ ಕಟ್ಟಿಸಿದ ಕಟ್ಟಡ. ಒಳಗೆ ಹೋದ ಗಂಡ-ಹೆಂಡಿರನ್ನು ಬೇರ್ಪಡಿಸಿ, ಗುರುತಿನ ಬಟ್ಟೆ ತೊಡಿಸಿ, ಕಲ್ಲು ಒಡೆಸುತ್ತಿದ್ದರು. 1890ರ ದಶಕದಲ್ಲಿ ಪಾಪ್ಲರಿನ ಗಾರ್ಡಿಯನ್‌ಗಳಾಗಿ ಆರಿಸಿಬಂದ ವಿಲ್ ಕ್ರೂಕ್ಸ್ ಮತ್ತು ಜಾರ್ಜ್ ಲ್ಯಾನ್ಸ್‌ಬರಿ ಇದನ್ನು ಒಳಗಿನಿಂದ ಸಡಿಲಿಸತೊಡಗಿದರು. ಕ್ರೂಕ್ಸ್ ಬಾಲ್ಯದಲ್ಲಿ ತಾನೇ ವರ್ಕ್‌ಹೌಸ್ ಕಂಡಿದ್ದವರು. ಅವರ ಕಾಲದಲ್ಲಿ ಊಟ ಸುಧಾರಿಸಿತು, ಗುರುತಿನ ಬಟ್ಟೆ ಹೋಯಿತು. 1901ರಲ್ಲಿ ಕ್ರೂಕ್ಸ್ ಪಾಪ್ಲರಿನ ಮೇಯರ್ ಆದರು. 1906ರಲ್ಲಿ ಸರ್ಕಾರ ಈ ಧಾರಾಳತನದ ಮೇಲೆ ವಿಚಾರಣೆ ನಡೆಸಿತು. ಬಡವರಿಗೆ ಒಳ್ಳೆಯ ಊಟ ಹಾಕಿದ್ದನ್ನು ದುಂದುಗಾರಿಕೆಯೆಂದು ತನಿಖೆ ಮಾಡಿದ ಆ ಕಡತಗಳನ್ನು ಇಂದು ಓದುವವರಿಗೆ ಆಪಾದಿತರಿಗಿಂತ ಆಪಾದಿಸಿದವರ ಬಗೆಗೇ ಹೆಚ್ಚು ತಿಳಿಯುತ್ತದೆ.

ಲ್ಯಾನ್ಸ್‌ಬರಿ (1859–1940) ಮಾರ್ಕ್ಸ್‌ವಾದಿ ಸಂಘದಲ್ಲಿ ಪಳಗಿದವರು. ಕೆಲಕಾಲ ನಂಬಿಕೆ ಕಳೆದುಕೊಂಡು ಚರ್ಚಿನಿಂದ ದೂರವಿದ್ದು, 20ನೇ ಶತಮಾನದ ಆರಂಭದಲ್ಲಿ ಆಂಗ್ಲಿಕನ್ ಮತಕ್ಕೆ ಮರಳಿದರು. 1914ರಲ್ಲಿ ಥಿಯಾಸಾಫಿಕಲ್ ಸೊಸೈಟಿಯನ್ನೂ ಸೇರಿದರು. ಅನಿ ಬೆಸೆಂಟರ ಒಡನಾಟದಿಂದ ಭಾರತದ ಸ್ವಯಮಾಡಳಿತದ ಮಸೂದೆಯನ್ನು 1925ರಲ್ಲಿ ಕಾಮನ್ಸ್ ಸಭೆಗೆ ತಂದವರೂ ಇವರೇ. ಸಮಾಜವಾದ ಅವರಿಗೆ ಯೇಸುವಿನ ಬೋಧನೆಯ ಲೌಕಿಕ ರೂಪ. ಹಾಗೆಂದು 1921ರಲ್ಲಿ ಪಾಪ್ಲರ್ ಕೌನ್ಸಿಲ್ ಹೂಡಿದ ತೆರಿಗೆ ಬಂಡಾಯವನ್ನು ಒಂದೇ ಮತದ ಕತೆಯಾಗಿಸುವುದು ತಪ್ಪು. ಬಂಡಾಯದಲ್ಲಿ ಜತೆಯಾದ ಜಾನ್ ಸ್ಕರ್ ಕ್ಯಾಥೊಲಿಕ್. ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ ವಲಸೆ ಬಂದ ಯಹೂದಿ ಮನೆತನದ ಮಗಳು. ದೇವರ ಗೊಡವೆಯೇ ಬೇಡವೆಂದ ಕಮ್ಯುನಿಸ್ಟರೂ ಜತೆಗಿದ್ದರು. ನಂಬಿಕೆಗಳು ಬೇರೆಯಾದರೂ ತಲುಪಿದ ನಿರ್ಣಯ ಒಂದೇ ಆಗಿತ್ತು.

1918ರ ಮತದಾನ ಕಾಯಿದೆ ಪರಿಹಾರ ಪಡೆದವರಿಗೆ ಮತ ಹಾಕಲು ಇದ್ದ ಅಡ್ಡಿಯನ್ನು ತೆಗೆಯಿತು, ಹೆಂಗಸರಿಗೂ ಮತ ಕೊಟ್ಟಿತು. ಮರುವರ್ಷ ನವೆಂಬರಿನಲ್ಲಿ ಪಾಪ್ಲರ್ ಕೌನ್ಸಿಲ್ಲಿನ 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷಕ್ಕೆ ಬಂದವು. ಲ್ಯಾನ್ಸ್‌ಬರಿ ಮೇಯರ್ ಆದರು. ಆರಿಸಿಬಂದವರಲ್ಲಿ ಡಾಕ್ ಕೂಲಿಗಳು, ರೈಲ್ವೆಯವರು, ಗಾಡಿ ಹೊಡೆಯುವವರು ಇದ್ದರು. ಮನೆ ಕಟ್ಟಿಸುವುದು, ಕ್ಷಯದ ಚಿಕಿತ್ಸಾಲಯ, ಬಾಣಂತಿ-ಮಕ್ಕಳ ಆರೈಕೆ, ಹಾಲು ಹಂಚುವುದು ಶುರುವಾದವು. ಕೌನ್ಸಿಲ್ಲಿನ ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ, ಅದೂ ಗಂಡಸು-ಹೆಂಗಸೆಂಬ ಭೇದವಿಲ್ಲದೆ, ಎಂದು ಗೊತ್ತಾಯಿತು.

1920ರ ಕೊನೆಗೆ ಯುದ್ಧಾನಂತರದ ಉಬ್ಬರ ಇಳಿದು ಡಾಕುಗಳಲ್ಲಿ ಕೆಲಸ ನಿಂತಿತು. ಪರಿಹಾರ ಕೇಳುವವರ ಸಾಲು ಬೆಳೆಯಿತು. ಆಸ್ತಿಯ ಮೌಲ್ಯದ ಪ್ರತಿ ಪೌಂಡಿಗೆ ಒಂದು ಪೆನ್ನಿ ತೆರಿಗೆ ಹಾಕಿದರೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಹುಟ್ಟುತ್ತಿದ್ದ ಹಣ ಪಾಪ್ಲರಿನಲ್ಲಿ ಹುಟ್ಟುತ್ತಿದ್ದುದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು. 1867ರಿಂದ ಲಂಡನ್ನಿನ ಬಡವರಿಗಾಗಿ ಒಂದು ಸಾಮಾನ್ಯ ನಿಧಿ ಇತ್ತಾದರೂ ವರ್ಕ್‌ಹೌಸಿನ ಹೊರಗೆ, ಮನೆಯಲ್ಲಿದ್ದೇ ಪರಿಹಾರ ಪಡೆಯುವವರ ಖರ್ಚು ಅದಕ್ಕೆ ಸೇರುತ್ತಿರಲಿಲ್ಲ. ಬೇಡಿಕೆ ಹೆಚ್ಚಿದಷ್ಟೂ ತೆರಿಗೆ ಏರಬೇಕು. ಏರಿದ ತೆರಿಗೆ ಬಾಡಿಗೆಯ ರೂಪದಲ್ಲಿ ಮತ್ತೆ ಬಡವರ ತಲೆಗೇ ಬೀಳಬೇಕು.

ಒಳ್ಳೆಯ ಸಮಾರಿಯದವನ ಸಾಮತಿಯನ್ನು ಬಲ್ಲ ಯಾವ ಕ್ರೈಸ್ತನಿಗೂ ಇಲ್ಲಿನ ತೊಡಕು ಕಾಣದೆ ಇರಲಾರದು. ಆ ಕತೆಯಲ್ಲಿ ಗಾಯಗೊಂಡವನಿಗೆ ನೆರೆಯವನಾದವನು ಅವನ ಊರಿನವನಲ್ಲ, ಅವನ ಪಂಥದವನೂ ಅಲ್ಲ. ಬಡವರ ಕಾನೂನಾದರೋ ಗಾಯಗೊಂಡವನು ಯಾವ ಪ್ಯಾರಿಷ್‌ನಲ್ಲಿ ಬಿದ್ದಿದ್ದಾನೆಂದು ಮೊದಲು ವಿಚಾರಿಸುತ್ತಿತ್ತು. ಪಾಪ್ಲರಿನವರ ವಾದದ ತಿರುಳು ದಯೆ ತೋರಿ ಎಂಬುದಾಗಿರಲಿಲ್ಲ. ಡಾಕಿನ ಸಂಪತ್ತು ಇಡೀ ಲಂಡನ್ನಿನದಾದರೆ ಡಾಕಿನ ನಿರುದ್ಯೋಗವೂ ಇಡೀ ಲಂಡನ್ನಿನದು ಎಂಬುದು ಆ ವಾದ. ಇದು ನ್ಯಾಯದ ಮಾತು, ಕರುಣೆಯ ಮಾತಲ್ಲ. ಬಂಡಾಯವನ್ನು ಹೊಗಳಿದವರೂ ಈ ವ್ಯತ್ಯಾಸವನ್ನು ಹಲವು ಸಲ ಮರೆತಿದ್ದಾರೆ.

1921ರ ಮಾರ್ಚ್ 22ರಂದು ಕೌನ್ಸಿಲ್ ಒಂದು ನಿರ್ಣಯ ಮಾಡಿತು: ತನ್ನ ಖರ್ಚಿಗೂ ಗಾರ್ಡಿಯನ್‌ಗಳಿಗೂ ಬೇಕಾದ ತೆರಿಗೆ ಎತ್ತುವುದು, ಕೌಂಟಿ ಕೌನ್ಸಿಲ್, ಪೊಲೀಸು, ನೀರು, ಆಸ್ಪತ್ರೆ ಮಂಡಳಿಗಳ ಪಾಲನ್ನು ಎತ್ತದೆ ಬಿಡುವುದು. ಇದು ನೇರವಾದ ಕಾನೂನುಭಂಗ. ಕೌಂಟಿ ಕೌನ್ಸಿಲ್ ಕೋರ್ಟಿಗೆ ಹೋಯಿತು. ಜುಲೈ 29ರಂದು ಸುಮಾರು 2,000 ಜನ, ಮೇಯರ್ ಸ್ಯಾಮ್ ಮಾರ್ಚ್ ಅವರನ್ನೂ ಬರೋದ ಅಧಿಕಾರದಂಡವನ್ನೂ ಮುಂದಿಟ್ಟುಕೊಂಡು ಹೈಕೋರ್ಟಿನವರೆಗೆ ಮೆರವಣಿಗೆ ಹೋದರು. ಹೈಕೋರ್ಟಿಗೆ, ಪ್ರಾಯಶಃ ಜೈಲಿಗೆ, ಹೊರಟಿದ್ದೇವೆಂದು ಅವರ ಬ್ಯಾನರೇ ಸಾರುತ್ತಿತ್ತು. ತೆರಿಗೆ ಎತ್ತಬೇಕೆಂದು ಕೋರ್ಟ್ ಆಜ್ಞಾಪಿಸಿತು. ಅವರು ಎತ್ತಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ 30 ಸದಸ್ಯರು ನ್ಯಾಯಾಂಗ ನಿಂದನೆಗಾಗಿ ಬಂಧಿತರಾದರು. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಸೂಸನ್ ಲಾರೆನ್ಸ್, ಜೂಲಿಯಾ ಸ್ಕರ್, ಮಿನ್ನಿ ಲ್ಯಾನ್ಸ್‌ಬರಿ ಮೊದಲಾದ ಹೆಂಗಸರು ಹಾಲೊವೇ ಜೈಲಿಗೆ ಹೋದರು. ಅವರಲ್ಲೊಬ್ಬರಾದ ನೆಲ್ಲಿ ಕ್ರೆಸಲ್ ಆಗ ತುಂಬು ಬಸುರಿ.

ಶಿಕ್ಷೆಗೆ ಅವಧಿ ಇರಲಿಲ್ಲ. ಆಜ್ಞೆ ಪಾಲಿಸುವವರೆಗೆ ಸೆರೆ. ಸರ್ಕಾರದ ತೊಂದರೆ ಶುರುವಾದದ್ದು ಇಲ್ಲಿಂದಲೇ, ಏಕೆಂದರೆ ಪಾಲಿಸುವ ಇರಾದೆ ಯಾರಿಗೂ ಇರಲಿಲ್ಲ. ಕೌನ್ಸಿಲ್ ಜೈಲಿನೊಳಗೇ ಸಭೆ ಸೇರತೊಡಗಿತು. ಹಾಲೊವೇಯಿಂದ ಹೆಂಗಸರನ್ನು ಟ್ಯಾಕ್ಸಿಯಲ್ಲಿ ಬ್ರಿಕ್ಸ್‌ಟನ್ನಿಗೆ ಕರೆತರುತ್ತಿದ್ದರು. ಕೈದಿಗಳು ಅಧಿಕೃತವಾಗಿ ಸಭೆ ಸೇರಿ ಊರಿನ ಆಡಳಿತ ನಡೆಸಿದ್ದು ಬ್ರಿಟನ್ನಿನ ಇತಿಹಾಸದಲ್ಲಿ ವಿರಳ. ಹೊರಗೆ ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್ ಬರೋಗಳೂ ಇದೇ ದಾರಿ ಹಿಡಿಯಲು ನಿರ್ಣಯಿಸಿದವು. ಕೊನೆಗೆ ಅಕ್ಟೋಬರ್ 12ರಂದು, ಯಾರೂ ಆಜ್ಞೆಗೆ ಮಣಿಯದಿದ್ದರೂ, ಲಂಡನ್ನಿನ ತೆರಿಗೆ ಕುರಿತ ಮಾತುಕತೆಗೆ ಬರಲೆಂಬ ನೆಪದಲ್ಲಿ ಕೋರ್ಟು ಅವರನ್ನು ಬಿಟ್ಟಿತು. ಕೆಲವೇ ವಾರಗಳಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿ, ಮನೆಯಲ್ಲಿದ್ದು ಪರಿಹಾರ ಪಡೆಯುವವರ ವೆಚ್ಚವನ್ನೂ ಇಡೀ ಲಂಡನ್ನಿನ ನಿಧಿಗೆ ಸೇರಿಸಿತು. ಸಿರಿವಂತ ಬರೋಗಳ ಹಣ ಪೂರ್ವಕ್ಕೆ ಹರಿಯಿತು. ಮಿನ್ನಿ ಲ್ಯಾನ್ಸ್‌ಬರಿ ಇದರ ಫಲವನ್ನು ಹೆಚ್ಚು ಕಾಲ ಕಾಣಲಿಲ್ಲ. 1922ರ ಜನವರಿ 1ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು.

ಗೆದ್ದದ್ದರಿಂದ ಸರಿಯಾಯಿತೆ? ಅತ್ಯಂತ ಗಟ್ಟಿಯಾದ ಆಕ್ಷೇಪ ಬಂದದ್ದು ವಿರೋಧ ಪಕ್ಷದಿಂದಲ್ಲ, ನೆರೆಯ ಹ್ಯಾಕ್ನಿಯ ಲೇಬರ್ ಮೇಯರ್ ಹರ್ಬರ್ಟ್ ಮಾರಿಸನ್ ಅವರಿಂದ. ಇಂದು ಲೇಬರ್ ಕೌನ್ಸಿಲ್ಲುಗಳು ತಮಗೊಗ್ಗದ ಕಾನೂನನ್ನು ಮುರಿದರೆ, ನಾಳೆ ಲೇಬರ್ ಸರ್ಕಾರದ ಕಾನೂನನ್ನು ಕನ್ಸರ್ವೇಟಿವ್ ಕೌನ್ಸಿಲ್ಲುಗಳು ಮುರಿಯುತ್ತವೆ ಎಂಬುದು ಅವರ ಚಿಂತೆಯ ಸಾರ. ನಿನ್ನ ನಡೆ ಎಲ್ಲರ ನಡೆಯಾಗಬಹುದೆ ಎಂದು ತತ್ತ್ವಜ್ಞಾನಿ ಕಾಂಟ್ ಕೇಳಿದ ಪ್ರಶ್ನೆಯೇ ಇದು, ಚುನಾವಣೆಯ ಭಾಷೆಯಲ್ಲಿ.

ಇದಕ್ಕಿಂತ ಆಳದ ತೊಡಕು ಮತ್ತೊಂದಿದೆ. ಅಂತಃಸಾಕ್ಷಿಯ ಸಂಪ್ರದಾಯವೆಲ್ಲ ಒಬ್ಬ ವ್ಯಕ್ತಿಯನ್ನು ಕುರಿತದ್ದು. ಪ್ರಭುತ್ವಕ್ಕೆ ಅಧೀನರಾಗಿರಿ ಎಂದು ರೋಮಿನವರಿಗೆ ಬರೆದ ಪೌಲನ ಮಾತನ್ನೂ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದ ಅಪೊಸ್ತಲರ ಮಾತನ್ನೂ ಒಂದೇ ಗ್ರಂಥದಲ್ಲಿ ಓದುವ ಕ್ರೈಸ್ತ ತನ್ನ ದಾರಿ ತಾನೇ ಹುಡುಕಿಕೊಳ್ಳಬೇಕು. 1902ರ ಶಿಕ್ಷಣ ಕಾಯಿದೆ ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಶಾಲೆಗಳಿಗೆ ರೇಟ್ಸ್ ಹಣ ಕೊಟ್ಟಾಗ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್ ಮತ್ತು ಸಾವಿರಾರು ಅನುಯಾಯಿಗಳು ತೆರಿಗೆ ಕೊಡಲಿಲ್ಲ. ಅವರ ಮನೆಯ ಸಾಮಾನು ಹರಾಜಾಯಿತು, ಕೆಲವರು ಜೈಲು ಕಂಡರು. ಅಮೆರಿಕದ ಚಿಂತಕ ಥೋರೊ ಕೊಡದಿದ್ದುದೂ ತನ್ನದೇ ತೆರಿಗೆಯನ್ನು. ಇವರೆಲ್ಲರೂ ಒತ್ತೆಯಿಟ್ಟದ್ದು ತಮ್ಮ ಸ್ವಂತದ್ದನ್ನು. ಪಾಪ್ಲರ್ ಕೌನ್ಸಿಲ್ ತಡೆಹಿಡಿದದ್ದು ತನ್ನ ಹಣವನ್ನಲ್ಲ. ಅಂಗಡಿಯವನಿಂದ ಹಿಡಿದು ವಿಧವೆಯವರೆಗೆ ತೆರಿಗೆ ಕಟ್ಟುವವರ ಪರವಾಗಿ, ಅವರಲ್ಲಿ ಒಪ್ಪದವರನ್ನೂ ಸೇರಿಸಿಕೊಂಡು, ಅದು ನಿರ್ಧರಿಸಿತ್ತು. ಸಭೆಯೊಂದಕ್ಕೆ ಆತ್ಮವಿಲ್ಲ, ಅಂತಃಸಾಕ್ಷಿ ಎಲ್ಲಿಂದ ಬರಬೇಕು?

ಪಾಪ್ಲರಿನವರು ಇದಕ್ಕೆ ಗ್ರಂಥ ಬರೆದು ಉತ್ತರಿಸಲಿಲ್ಲ. ಅವರ ನಡತೆಯಿಂದ ಎರಡು ಉತ್ತರಗಳನ್ನು ಹೆಕ್ಕಬಹುದು. ಮೊದಲನೆಯದು, ಆರಿಸುವಾಗಲೇ ಜನರಿಗೆ ಅವರ ನಿಲುವು ತಿಳಿದಿತ್ತು. ಮರೆಮಾಚಿ ಮಾಡಿದ್ದೇನೂ ಇಲ್ಲ. 1922ರ ಚುನಾವಣೆಯಲ್ಲೂ ಬರೋ ಅವರ ಕೈಬಿಡಲಿಲ್ಲ. ಎರಡನೆಯದು ಇನ್ನೂ ಮುಖ್ಯ: ನಿರ್ಣಯ ಸಭೆಯದಾದರೂ ಸೆರೆ ವ್ಯಕ್ತಿಗಳದು. ಜೈಲಿನ ಕೋಣೆಗೆ ಬರೋ ಹೋಗಲಿಲ್ಲ, 30 ಮಂದಿ ಹೋದರು. ಸಾಮೂಹಿಕ ನಿರ್ಣಯದ ದಂಡವನ್ನು ಪ್ರತಿಯೊಬ್ಬರೂ ತಮ್ಮ ಮೈಮೇಲೆ ಹಾಕಿಕೊಂಡಾಗ ಅದು ಅಂತಃಸಾಕ್ಷಿಯ ಕೃತ್ಯಕ್ಕೆ ತೀರ ಹತ್ತಿರ ಬರುತ್ತದೆ. ಒಪ್ಪದ ತೆರಿಗೆದಾರನ ದೂರು ಇದರಿಂದ ಪೂರ್ತಿ ತೀರುವುದಿಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು.

ಎರಡನೆಯ ಸುತ್ತಿನಲ್ಲಿ ಪಾಪ್ಲರ್ ಸೋತಿತು. ಬೆಲೆಗಳು ಇಳಿದ ಮೇಲೂ ಕೌನ್ಸಿಲ್ 4 ಪೌಂಡ್ ಕೂಲಿಯನ್ನು ಇಳಿಸಲಿಲ್ಲ. 1922ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ನೋಡಿದ ಜಿಲ್ಲಾ ಲೆಕ್ಕ ಪರಿಶೋಧಕರು, ಹೊರಗಿನ ಕೂಲಿದರಕ್ಕಿಂತ ಮಿಕ್ಕಿ ಕೊಟ್ಟದ್ದು ಅಕ್ರಮವೆಂದು 5,000 ಪೌಂಡುಗಳನ್ನು ಸದಸ್ಯರೇ ತಮ್ಮ ಕೈಯಿಂದ ತುಂಬಬೇಕೆಂದರು. ಈ ಸಲ ಕೌನ್ಸಿಲ್ ಕಾನೂನು ಮುರಿದಿರಲಿಲ್ಲ. ತನಗೆ ಸರಿಕಂಡ ಕೂಲಿ ಕೊಡುವ ಅಧಿಕಾರ 1855ರ ಕಾಯಿದೆಯಲ್ಲೇ ಇದೆ ಎಂದು ವಾದಿಸಿತು. ಮೇಲ್ಮನವಿ ನ್ಯಾಯಾಲಯ ಒಪ್ಪಿತು. 1925ರಲ್ಲಿ ರಾಬರ್ಟ್ಸ್ ಮತ್ತು ಹಾಪ್‌ವುಡ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಸರಿಕಂಡದ್ದು ಎಂದರೆ ಮನಬಂದದ್ದಲ್ಲ, ವಿವೇಕಕ್ಕೆ ಒಪ್ಪುವಂಥದ್ದು. ಕೌನ್ಸಿಲ್ ತೆರಿಗೆದಾರರ ಹಣಕ್ಕೆ ಟ್ರಸ್ಟಿಯಂತೆ ನಡೆಯಬೇಕು ಎಂದು ತೀರ್ಪಾಯಿತು. ಲಾರ್ಡ್ ಅಟ್ಕಿನ್‌ಸನ್ ಅವರಂತೂ ಸಮಾಜವಾದಿ ಪರೋಪಕಾರದ ವಿಲಕ್ಷಣ ತತ್ತ್ವಗಳನ್ನೂ ಸ್ತ್ರೀ-ಪುರುಷ ಸಮಾನತೆಯ ಹಂಬಲವನ್ನೂ ಹೆಸರಿಸಿಯೇ ಟೀಕಿಸಿದರು.

ಟ್ರಸ್ಟಿಯ ಕಲ್ಪನೆ ತೂಕವುಳ್ಳದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ವಿವೇಕ ಯಾವುದೆಂದು ಹೇಳುವಾಗ ನ್ಯಾಯಾಧೀಶರು ಸಂತೆಯ ಕೂಲಿದರವನ್ನೇ ಅಳತೆಗೋಲಾಗಿ ಹಿಡಿದರು. ದುಡಿದವನಿಗೆ ಬದುಕುವಷ್ಟು ಕೂಲಿ ಸಲ್ಲಬೇಕೆಂಬುದು ವಿಲಕ್ಷಣವೂ, ಕಸ ಗುಡಿಸುವ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಕೊಡುವುದು ವಿವೇಕವೂ ಆದದ್ದು ಹೀಗೆ. ಕೌನ್ಸಿಲ್ಲಿಗೆ ತತ್ತ್ವ ಸಲ್ಲದು ಎಂದ ತೀರ್ಪು ತಾನೇ ಒಂದು ತತ್ತ್ವದ ಮೇಲೆ ನಿಂತಿತ್ತು. 1921ರಲ್ಲಿ ಕಾನೂನು ಮುರಿದು ಗೆದ್ದವರು 1925ರಲ್ಲಿ ಕಾನೂನನ್ನೇ ಆಶ್ರಯಿಸಿ ಸೋತದ್ದು ಆಕಸ್ಮಿಕವಲ್ಲ. ತೆರಿಗೆಯ ಗಡಿಯನ್ನು ಅತ್ತಿತ್ತ ಸರಿಸಲು ಪ್ರಭುತ್ವ ಸಿದ್ಧವಿತ್ತು. ಸಂಬಳದ ಪಟ್ಟಿಯಲ್ಲಿ ನೀತಿ ಮಾತಾಡಲು ಬಿಡಲು ಸಿದ್ಧವಿರಲಿಲ್ಲ.

ಪಾಪ್ಲರಿಸಂ ಎಂಬ ಮಾತು ಇಂಗ್ಲಿಷಿನಲ್ಲಿ ಬೈಗುಳವಾಗಿಯೂ ಬಿರುದಾಗಿಯೂ ಉಳಿಯಿತು. 1930ರಲ್ಲಿ ಗಾರ್ಡಿಯನ್ ಮಂಡಳಿಗಳು ರದ್ದಾಗಿ ಅವುಗಳ ಕೆಲಸ ಕೌಂಟಿ ಕೌನ್ಸಿಲ್ಲಿಗೆ ಹೋಯಿತು. ಮರುವರ್ಷ ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ಹೋಟೆಲು ಬಿಟ್ಟು ತಂಗಿದ್ದು ಇದೇ ಬರೋದ ಕಿಂಗ್ಸ್‌ಲಿ ಹಾಲಿನಲ್ಲಿ. ಅದನ್ನು ನಡೆಸುತ್ತಿದ್ದ ಶಾಂತಿವಾದಿ ಮ್ಯೂರಿಯೆಲ್ ಲೆಸ್ಟರ್ 1920ರ ದಶಕದಲ್ಲಿ ಪಾಪ್ಲರ್ ಕೌನ್ಸಿಲ್ಲಿನ ಆಲ್ಡರ್‌ಮನ್ ಆಗಿದ್ದವರು. ಪರಿಷತ್ತು ವಿಫಲವಾಗಿ ಭಾರತದಲ್ಲಿ ಕಾನೂನುಭಂಗ ಚಳವಳಿ ಮರುಕಳಿಸಿದಾಗ, 1932ರಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ನಡೆಸಿ ಹೊಲಮನೆ ಕಳೆದುಕೊಂಡರು. ಅವರದು ಕ್ಲಿಫರ್ಡನ ಬಗೆಯ ನಿರಾಕರಣೆ, ಪಾಪ್ಲರಿನ ಬಗೆಯದಲ್ಲ. ಕೊಡದಿದ್ದುದೂ ಕಳೆದುಕೊಂಡದ್ದೂ ಅವರ ಸ್ವಂತದ್ದು.

ಎರಡನೆಯ ಮಹಾಯುದ್ಧದ ಬಾಂಬುಗಳು ಡಾಕುಗಳ ಸುತ್ತಲಿನ ಮನೆಗಳನ್ನು ನೆಲಸಮ ಮಾಡಿದವು. 1951ರ ಬ್ರಿಟನ್ ಉತ್ಸವದ ಭಾಗವಾಗಿ ಇಲ್ಲಿ ಕಟ್ಟಿದ ಹೊಸ ಬಡಾವಣೆಗೆ ಲ್ಯಾನ್ಸ್‌ಬರಿಯವರ ಹೆಸರಿಟ್ಟರು. 1961ರ ಹೊತ್ತಿಗೆ ಬರೋದ ಜನಸಂಖ್ಯೆ 70,000ಕ್ಕಿಂತ ಕೆಳಗಿಳಿದಿತ್ತು. 1965ರ ಏಪ್ರಿಲ್ 1ರಂದು ಪಾಪ್ಲರ್, ಸ್ಟೆಪ್ನಿ, ಬೆತ್ನಲ್ ಗ್ರೀನ್ ಮೂರೂ ಸೇರಿ ಟವರ್ ಹ್ಯಾಮ್ಲೆಟ್ಸ್ ಬರೋ ಆದವು.

1925ರ ತೀರ್ಪು ಬರೋಗಿಂತ ಹೆಚ್ಚು ಕಾಲ ಬಾಳಿತು. 1981ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಬಸ್ಸು-ರೈಲುಗಳ ದರ ಇಳಿಸಿದ್ದನ್ನು ಹೌಸ್ ಆಫ್ ಲಾರ್ಡ್ಸ್ ರದ್ದುಮಾಡಿದಾಗ ಟ್ರಸ್ಟಿಯ ಹೊಣೆಯೇ ಮತ್ತೆ ಮುಂದೆ ಬಂತು. ಡರ್ಬಿಷೈರಿನ ಕ್ಲೇ ಕ್ರಾಸ್ ಎಂಬ ಪುಟ್ಟ ಊರಿನ ಹನ್ನೊಂದು ಸದಸ್ಯರು 1972ರ ವಸತಿ ಕಾಯಿದೆಯಂತೆ ಬಾಡಿಗೆ ಏರಿಸಲು ಒಪ್ಪದೆ ದಂಡ ತೆತ್ತು ಸ್ಥಾನ ಕಳೆದುಕೊಂಡರು. 1980ರ ದಶಕದ ನಡುವಿನಲ್ಲಿ ಲ್ಯಾಂಬೆತ್ ಮತ್ತು ಲಿವರ್‌ಪೂಲಿನವರಿಗೂ ಅದೇ ಆಯಿತು. ಅವರೆಲ್ಲರೂ ಪಾಪ್ಲರಿನ ಹೆಸರು ಹೇಳಿದರು. ಯಾರಿಗೂ ಪಾಪ್ಲರಿನ ಗೆಲುವು ದಕ್ಕಲಿಲ್ಲ. ಜೈಲಿನಂತೆ ಜನರ ಕಣ್ಣಿಗೆ ಬೀಳದ, ಸದ್ದಿಲ್ಲದೆ ಮನೆಮಠ ಕಸಿಯುವ ಹಣದ ದಂಡ ಪ್ರಭುತ್ವಕ್ಕೆ ಹೆಚ್ಚು ಅನುಕೂಲವಾಗಿತ್ತು. ಲೆಕ್ಕ ಪರಿಶೋಧಕರು ಚುನಾಯಿತ ಸದಸ್ಯರ ಮೇಲೆ ಇಂಥ ದಂಡ ಹೊರಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 2000ದ ಸ್ಥಳೀಯ ಆಡಳಿತ ಕಾಯಿದೆಯೊಂದಿಗೆ ಕೊನೆಗೊಂಡಿತು.